60 ಪರ್ಸೆಂಟ್ ಸಪೋರ್ಟ್ ಬಂದ್ರೆ ಸಾಕು, ಹೊರಟುಬಿಡೋಣ ಅಂತಾರೆ, ಹೊರಡಬಹುದಾ?

ಪ್ರಶ್ನೆ: ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು. ಮಗಳಿಗೆ 12, ಮಗನಿಗೆ 5. ಮಿಷನರಿಗಳನ್ನ ಕಳಿಸೋ ಒಂದು ಏಜೆನ್ಸಿ ನಮ್ಮನ್ನ ಹೊರದೇಶದ ಸೇವೆಗೆ ಆರಿಸಿಕೊಂಡಿದೆ. ತಿಂಗಳ ಸಪೋರ್ಟ್, ಅಂದ್ರೆ ಜನ ತಿಂಗಳು ತಿಂಗಳು ಕೊಡ್ತೀವಿ ಅನ್ನೋ ದುಡ್ಡು, ಪೂರ್ತಿ ನಾವೇ ಕೂಡಿಸ್ಕೋಬೇಕು. ಎಂಟು ತಿಂಗಳಾಯ್ತು, 42 ಪರ್ಸೆಂಟಿಗೆ ಬಂದು ನಿಂತಿದೆ, ಹೊರಡೋಕೆ ಉಳಿದಿರೋದು ನಾಲ್ಕೇ ತಿಂಗಳು. ನಮ್ಮ ಸಭೆಯ (ಚರ್ಚಿನ) ಹಿರಿಯರೊಬ್ಬರು 60 ಆದ್ರೆ ಸಾಕು, ವಿಶ್ವಾಸದಿಂದ ಹೊರಡಿ, ಉಳಿದದ್ದು ದೇವರು ನೋಡ್ಕೋತಾನೆ ಅಂತಾರೆ. ಏಜೆನ್ಸಿಯವರು 100 ಆಗ್ಬೇಕು ಅಂತಾರೆ, ಆದ್ರೆ ನಾವು ಗಟ್ಟಿಯಾಗಿ ಕೇಳಿದ್ರೆ ಒಪ್ಪಬಹುದೇನೋ. ಜನರ ಹತ್ರ ದುಡ್ಡು ಕೇಳೋಕೆ ನನಗೆ ಬಾಯೇ ಬರಲ್ಲ. ಹೆಂಡತಿ ‘ನೀವು ಹೋಗೋಣ ಅಂದ್ರೆ ಹೋಗೋಣ’ ಅಂತಾಳೆ. ಮಗಳು ಈ ಮಾತು ಬಂದ್ರೆ ಎದ್ದು ರೂಮಿಗೆ ಹೋಗ್ತಾಳೆ. ಏನು ಮಾಡ್ಲಿ?

ಉತ್ತರ:

ಬ್ರದರ್, ಸುತ್ತಿ ಬಳಸಿ ಹೇಳಲ್ಲ. 60ಕ್ಕೆ ಹೊರಡಬೇಡಿ. ತಾರೀಖು ಮುಂದಕ್ಕೆ ಹಾಕಿ. ಮತ್ತೆ ನಿಮ್ಮ ಪ್ರಶ್ನೆಯಲ್ಲಿ ದುಡ್ಡಿನ ವಿಷಯಕ್ಕೆ ಎಂಟು ಸಾಲು ಬರೆದು ಹೆಂಡತಿ ಮಗಳ ವಿಷಯ ಕೊನೆಗೆ ಎರಡು ಸಾಲಲ್ಲಿ ಮುಗಿಸಿದೀರಲ್ಲ, ನನಗೆ ಆ ಎರಡು ಸಾಲೇ ಹೆಚ್ಚು ಚಿಂತೆ ಹಚ್ಚಿದ್ದು. ಅಲ್ಲಿಗೆ ಆಮೇಲೆ ಬರ್ತೀನಿ. ಮೊದಲು ಲೆಕ್ಕ.

60 ಪರ್ಸೆಂಟ್ ಅಂದ್ರೆ ಖರ್ಚಿಗೆ ಬೇಕಾದ್ದರಲ್ಲಿ 60 ಕೈಗೆ ಸಿಗುತ್ತೆ ಅಂತ ಬಹಳ ಜನ ಅಂದ್ಕೊಂಡಿರ್ತಾರೆ, ಹಾಗಲ್ಲ ಅದು. ಯಾವ ದೇಶದ ದುಡ್ಡೂ ಬೇಡ, ತಿಂಗಳಿಗೆ ಒಟ್ಟು 100 ಬೇಕು ಅಂತ ಇಟ್ಕೊಳ್ಳಿ. ಅದರಲ್ಲಿ ಏಜೆನ್ಸಿಯ ಆಫೀಸ್ ಖರ್ಚಿಗೆ 12, ಆರೋಗ್ಯ ವಿಮೆಗೆ 10, ಮಕ್ಕಳ ಸ್ಕೂಲಿಗೆ 17, ಮನೆ ಬಾಡಿಗೆ ಊಟ ಬಟ್ಟೆ ಓಡಾಟಕ್ಕೆ 40, ಸೇವೆಯ ಕೆಲಸಕ್ಕೆ 9, ನಿವೃತ್ತಿಗೆ 6, ಎಮರ್ಜೆನ್ಸಿಗೆ 6. ಇದು ಬರೀ ಉದಾಹರಣೆ, ನಿಮ್ಮ ಏಜೆನ್ಸಿ ಕೊಟ್ಟ ಪಟ್ಟಿ ಬೇರೆ ಇರುತ್ತೆ, ಆದ್ರೆ ಇರೋ ರೀತಿ ಹೆಚ್ಚುಕಡಿಮೆ ಹೀಗೇ. ಈಗ 60 ಬಂತು ಅನ್ನಿ. ಏಜೆನ್ಸಿಯ ಪಾಲು ಬಂದ ದುಡ್ಡಿನ ಮೇಲೆ, ಹಾಗಾಗಿ 7 ಹೋಯ್ತು. ವಿಮೆ ಕಂಪನಿ ನಿಮಗೆ 60 ಪರ್ಸೆಂಟ್ ಬಂದಿದೆ ಅಂತ ಕಂತು ಕಡಿಮೆ ಮಾಡಲ್ಲ, 10 ಪೂರ್ತಿ ಹೋಯ್ತು. ಸ್ಕೂಲೂ ಅಷ್ಟೆ, 17. ಉಳೀತು 26. ನಿವೃತ್ತಿಗೆ ಸೊನ್ನೆ, ಎಮರ್ಜೆನ್ಸಿಗೆ ಸೊನ್ನೆ, ಯಾವ ಸೇವೆಗೆ ಅಂತ ಹೋದ್ರೋ ಆ ಸೇವೆಗೂ ಸೊನ್ನೆ ಇಟ್ರೂ 40ರ ಸಂಸಾರವನ್ನ 26ರಲ್ಲಿ ನಡೆಸಬೇಕು, ಅದೂ ಬಾಡಿಗೆ ಎಷ್ಟು ಅನ್ನೋದು ನಿಮ್ಮ ಕೈಲಿಲ್ಲದ, ಮೊದಲ ವರ್ಷ ಭಾಷೆ ಬರದೆ ಎಲ್ಲದಕ್ಕೂ ಎರಡರಷ್ಟು ಕೊಡೋ ಊರಲ್ಲಿ. ಆಗ ಏನಾಗುತ್ತೆ ಅಂದ್ರೆ ಜನ ಮೊದಲು ವಿಮೆ ನಿಲ್ಲಿಸ್ತಾರೆ. ನೋಡಿದೀನಿ.

ಇದರ ಮೇಲೆ ಇನ್ನೂ ಎರಡು ಸೋರಿಕೆ ಇದೆ. ಒಂದು, ಮಾತು ಕೊಟ್ಟವರೆಲ್ಲ ಕೊಡ್ತಾ ಇರಲ್ಲ, ಕೆಲಸ ಹೋಗುತ್ತೆ, ಸಭೆ ಬದಲಾಯಿಸ್ತಾರೆ, ಬ್ಯಾಂಕಿನಲ್ಲಿ ಹಾಕಿದ್ದ ಆಟೊ ಡೆಬಿಟ್ ಕಾರ್ಡ್ ಬದಲಾದಾಗ ನಿಂತುಹೋಗುತ್ತೆ ಮತ್ತೆ ಹಾಕೋಕೆ ಮರೀತಾರೆ, ಕೆಟ್ಟ ಮನಸ್ಸಿಂದಲ್ಲ. ಇನ್ನೊಂದು, ನಿಮ್ಮ ದುಡ್ಡು ಕೂಡೋದು ಒಂದು ಕರೆನ್ಸಿಯಲ್ಲಿ, ಖರ್ಚಾಗೋದು ಇನ್ನೊಂದರಲ್ಲಿ. ನಿಮ್ಮ ಕರೆನ್ಸಿ 10 ಪರ್ಸೆಂಟ್ ಬಿದ್ರೆ ಯಾರೂ ನಿಲ್ಲಿಸದೇನೇ 100 ಇದ್ದದ್ದು 90 ಆಯ್ತು. ಅದಕ್ಕೇ 100 ಅನ್ನೋದು ಮೇಲಿನ ಮಿತಿ ಅಲ್ಲ, ಕೆಳಗಿನದು. 110ಕ್ಕೆ ಹೋಗಿ ಹೊರಡೋರು ಬುದ್ಧಿವಂತರು. ಮತ್ತೆ ಲೆಕ್ಕ ಹಾಕುವಾಗ ಬಾಯಲ್ಲಿ ಹೇಳಿದ್ದನ್ನ ಬೇರೆ ಕಾಲಮ್ಮಲ್ಲಿ, ಅಕೌಂಟಿಗೆ ಬಿದ್ದದ್ದನ್ನ ಬೇರೆ ಕಾಲಮ್ಮಲ್ಲಿ ಬರೀರಿ, ನಿಮ್ಮ 42ರಲ್ಲಿ ಯಾವುದು ಯಾವುದು ಅಂತ ನೀವು ಹೇಳಿಲ್ಲ.

ಇದು ತಿಂಗಳದ್ದಾಯ್ತು. ಹೊರಡೋ ಖರ್ಚು ಅಂತ ಒಂದು ಸಲದ್ದು ಬೇರೆ ಇರುತ್ತೆ, ಟಿಕೆಟ್, ವೀಸಾ, ಲಸಿಕೆ, ಮನೆ ಅಡ್ವಾನ್ಸ್, ಹಾಸಿಗೆ ಪಾತ್ರೆ ಸ್ಟವ್, ಭಾಷೆ ಕಲಿಯೋ ಸ್ಕೂಲಿನ ಫೀಸು, ಜೊತೆಗೆ ನಾಲ್ಕೂ ಜನ ಇದ್ದಕ್ಕಿದ್ದಂಗೆ ವಾಪಸ್ ಬರ್ಬೇಕಾದ್ರೆ ಬೇಕಾಗೋ ಟಿಕೆಟ್ ದುಡ್ಡು. ಇದನ್ನ ತಿಂಗಳ ದುಡ್ಡಿನ ಜೊತೆ ಬೆರೆಸಲೇಬೇಡಿ. ಒಂದು ಸಭೆ ಒಂದೇ ಸಲ ದೊಡ್ಡ ಕಾಣಿಕೆ ಕೊಟ್ಟಾಗ ಅದನ್ನ ತಿಂಗಳದ್ದರಲ್ಲಿ ಹಾಕಿ ಪರ್ಸೆಂಟ್ ಜಾಸ್ತಿ ತೋರಿಸ್ಕೊಳ್ಳೋದು ತುಂಬಾ ನಡೆಯುತ್ತೆ, ಮೋಸ ಅಂತಲ್ಲ, ಖುಷಿಗೆ. ಆರು ತಿಂಗಳಲ್ಲಿ ಅದು ಕರಗಿಹೋಗುತ್ತೆ.

ಈಗ ನಾಚಿಕೆ ವಿಷಯ. ಕೇಳೋದು ಭಿಕ್ಷೆ ಅನ್ನೋ ಭಾವನೆ ನಿಮ್ಮೊಬ್ಬರದೇ ಅಲ್ಲ, ಇಷ್ಟು ವರ್ಷ ಸ್ವಂತ ಸಂಬಳದಲ್ಲಿ ಮನೆ ನಡೆಸಿದ ಪ್ರತಿಯೊಬ್ಬ ಗಂಡಸಿಗೂ ಇದು ಇರುತ್ತೆ, ಹೆಂಗಸರು ಇದರಲ್ಲಿ ಎಷ್ಟೋ ಮೇಲು. ಆದ್ರೆ ಬೈಬಲ್ ತೆಗೆದು ನೋಡಿ, ಯೆರೂಸಲೇಮಿನ ಗೋಡೆ ಕಟ್ಟೋಕೆ ಹೊರಟ ನೆಹೆಮೀಯ ಅರಸನ ಮುಂದೆ ನಿಂತು ಏನೇನು ಕೇಳಿದ? ದಾರಿಯಲ್ಲಿ ಅಧಿಪತಿಗಳು ಬಿಡೋ ಹಾಗೆ ಪತ್ರ, ಬಾಗಿಲುಗಳಿಗೆ ಮರ. ಅಂದ್ರೆ ಈಗಿನ ಮಾತಲ್ಲಿ ವೀಸಾ ಮತ್ತೆ ಸಾಮಾನು, ಎರಡನ್ನೂ ಹೆಸರು ಹಿಡಿದು ಕೇಳಿದ. ಪೌಲ ರೋಮಾಪುರದವರಿಗೆ ಬರೆದ ಪತ್ರದ 15ನೇ ಅಧ್ಯಾಯದಲ್ಲಿ ಸ್ಪೇನಿಗೆ ಹೋಗುವಾಗ ನಿಮ್ಮಲ್ಲಿಗೆ ಬರ್ತೀನಿ, ಅಲ್ಲಿಂದ ಮುಂದಕ್ಕೆ ನೀವು ಕಳಿಸಿಕೊಡ್ತೀರಿ ಅಂತ ನಂಬಿದೀನಿ ಅಂತಾನೆ, ಅದೂ ತಾನು ಇನ್ನೂ ಕಾಲಿಡದ ಸಭೆಗೆ. ‘ಪೌಲ ಗುಡಾರ ಹೊಲಿದು ದುಡೀತಿದ್ದ, ನೀವೂ ಕೆಲಸ ಮಾಡಿ’ ಅನ್ನೋರು ಒಬ್ಬರಾದ್ರೂ ಸಿಕ್ಕೇ ಸಿಗ್ತಾರೆ. ಹೌದು, ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲರ ಜೊತೆ ದುಡಿದ. ಆದ್ರೆ ಅಪೊಸ್ತಲರ ಕೃತ್ಯಗಳು 18ರಲ್ಲಿ ಒಂದೆರಡು ವಚನ ಮುಂದೆ ಓದಿದ್ರೆ ಸೀಲ ತಿಮೊಥೆಯರು ಮಕೆದೋನ್ಯದಿಂದ ಬಂದ ಮೇಲೆ ಪೂರ್ತಿ ವಾಕ್ಯ ಸಾರೋದ್ರಲ್ಲೇ ತೊಡಗಿದ ಅಂತಿದೆ, ಮಕೆದೋನ್ಯದ ಸಹೋದರರು ಬಂದು ತನ್ನ ಕೊರತೆ ನೀಗಿಸಿದ್ರು ಅಂತ ಅವನೇ ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಹೇಳ್ತಾನೆ. ಎರಡೂ ದಾರಿ ಇದೆ, ಒಂದು ಪವಿತ್ರ ಇನ್ನೊಂದು ಕೀಳು ಅಂತೇನಿಲ್ಲ.

ಚೀನಾಕ್ಕೆ ಹೋದ ಮಿಷನರಿ ಹಡ್ಸನ್ ಟೇಲರ್ ಯಾರನ್ನೂ ಒಂದು ಕಾಸು ಕೇಳಲಿಲ್ಲ ಅಂತಾನೂ ಹೇಳ್ತಾರೆ. ಸರಿ, 1865ರಲ್ಲಿ ಚೈನಾ ಇನ್‌ಲ್ಯಾಂಡ್ ಮಿಷನ್ ಶುರು ಮಾಡಿದಾಗ ಸಾಲ ಮಾಡಬಾರದು, ದುಡ್ಡಿಗೆ ಕೈ ಚಾಚಬಾರದು ಅಂತ ನಿಯಮ ಇಟ್ಟದ್ದು ನಿಜ. ಆದ್ರೆ ಅವರು ಮನೆಯಲ್ಲಿ ಸುಮ್ನೆ ಕೂತಿರಲಿಲ್ಲ, ಚೀನಾದ ಅಗತ್ಯದ ಬಗ್ಗೆ ಪುಸ್ತಕ ಬರೆದು, ಊರೂರು ಸುತ್ತಿ ಸಭೆಗಳಲ್ಲಿ ಮಾತಾಡಿ, ಏನು ಕೆಲಸ ಎಷ್ಟು ಜನ ಬೇಕು ಅಂತ ಎಲ್ಲರಿಗೂ ತಿಳಿಯೋ ಹಾಗೆ ಮಾಡಿದ್ರು. ನೀವು ಆ ದಾರಿ ಹಿಡಿಯೋದಾದ್ರೆ ಹಿಡೀರಿ, ಅದಕ್ಕೆ ಅಷ್ಟೇ ಓಡಾಟ ಬೇಕು. ಬಾಯಿ ಬಿಡೋಕೆ ನಾಚಿಕೆ ಆಗಿ ಸುಮ್ಮನಿರೋದನ್ನ ವಿಶ್ವಾಸ ಅಂತ ಕರೆಯೋಕಾಗಲ್ಲ.

ನಿಮ್ಮ 42 ಯಾಕೆ ನಿಂತಿದೆ ಅಂತ ನನಗೆ ಒಂದು ಅಂದಾಜಿದೆ, ತಪ್ಪಿದ್ರೆ ಬಿಟ್ಬಿಡಿ. ಸಭೆಗಳಲ್ಲಿ ಹತ್ತು ನಿಮಿಷ ಸಾಕ್ಷಿ ಹೇಳ್ತೀರಿ, ಸ್ಲೈಡ್ ತೋರಿಸ್ತೀರಿ, ಕೊನೆಗೆ ‘ನಮಗಾಗಿ ಪ್ರಾರ್ಥಿಸಿ, ದೇವರು ಪ್ರೇರೇಪಿಸಿದಂತೆ ಸಹಾಯ ಮಾಡಿ’ ಅಂತ ಮುಗಿಸ್ತೀರಿ. ವಾಟ್ಸಾಪ್ ಗ್ರೂಪಿಗೆ ಒಂದು ಉದ್ದ ಮೆಸೇಜ್ ಹಾಕ್ತೀರಿ. ಎಲ್ಲರೂ ಕೈಮುಗಿದ ಇಮೋಜಿ ಕಳಿಸ್ತಾರೆ. ಅಲ್ಲಿಗೆ ಆಯ್ತು. ಜನರಿಗೆ ಮನಸ್ಸಿಲ್ಲ ಅಂತಲ್ಲ, ಅವರನ್ನ ಯಾರೂ ಕೇಳಲೇ ಇಲ್ಲ. ಗುಂಪನ್ನ ಕೇಳಿದ್ರೆ ಯಾರನ್ನೂ ಕೇಳಿದ ಹಾಗಲ್ಲ.

ಒಬ್ಬೊಬ್ಬರ ಎದುರು ಕೂತು ಕೇಳ್ಬೇಕು. ಫೋನ್ ಮಾಡುವಾಗಲೇ ಯಾಕೆ ಬರ್ತಿದೀವಿ ಅಂತ ಹೇಳಿ: ‘ಅಣ್ಣ, ನಾವು ಹೊರಡೋ ವಿಷಯ, ಸಪೋರ್ಟ್ ವಿಷಯ ಎರಡೂ ಮಾತಾಡೋಕೆ ಒಂದು ಅರ್ಧ ಗಂಟೆ ನಿಮ್ಮ ಮನೆಗೆ ಬರ್ಬಹುದಾ?’ ಬರೀ ನೋಡೋಕೆ ಬರ್ತೀವಿ ಅಂತ ಹೇಳಿ ಹೋಗಿ ಅಲ್ಲಿ ದುಡ್ಡಿನ ಮಾತು ತೆಗೆದ್ರೆ ಅವರನ್ನ ಸಿಕ್ಕಿಹಾಕಿಸಿದ ಹಾಗಾಗುತ್ತೆ. ಇಬ್ಬರೂ ಹೋಗಿ. ಅವರ ಮನೆ ಸಮಾಚಾರ ಮೊದಲು ಕೇಳಿ, ಆಮೇಲೆ ಎಲ್ಲಿಗೆ, ಯಾಕೆ, ಮೊದಲ ಎರಡು ವರ್ಷ ಏನು ಮಾಡ್ತೀವಿ ಅಂತ ಹೇಳಿ. ಆಮೇಲೆ ಈ ಮಾತು, ನಿಮ್ಮ ಬಾಯಿಗೆ ಹೊಂದೋ ಹಾಗೆ ಬದಲಾಯಿಸ್ಕೊಳ್ಳಿ: ‘ತಿಂಗಳಿಗೆ ನಮಗೆ 100 ಬೇಕು, 42 ಬಂದಿದೆ. ನೀವು ತಿಂಗಳಿಗೆ 1 ಕೊಡೋ ಹಾಗೆ ನಮ್ಮ ಜೊತೆ ಸೇರ್ತೀರಾ ಅಂತ ಕೇಳೋಕೆ ಬಂದಿದೀವಿ.’ 1ರ ಜಾಗದಲ್ಲಿ ನಿಜವಾದ ಮೊತ್ತ ಹೇಳಿ. ಹೇಳಿದ ಮೇಲೆ ಸುಮ್ಮನಿರಿ. ಇದೇ ಕಷ್ಟ. ಎಲ್ಲರೂ ಇಲ್ಲೇ ಕೆಡಿಸ್ಕೊಳ್ಳೋದು, ಎದುರಿನವರು ಎರಡು ಕ್ಷಣ ಯೋಚಿಸೋಕೆ ತಲೆ ಬಗ್ಗಿಸಿದ್ರೆ ಸಾಕು, ‘ಪರವಾಗಿಲ್ಲ ಅಣ್ಣ, ಆಗದಿದ್ರೆ ಬೇಡ, ಪ್ರಾರ್ಥನೆ ಮಾಡಿದ್ರೂ ಸಾಕು’ ಅಂತ ನಾವೇ ಬಾಗಿಲು ಹಾಕಿಬಿಡ್ತೀವಿ. ಅವರು ಮನಸ್ಸಲ್ಲಿ ಲೆಕ್ಕ ಹಾಕ್ತಿರ್ತಾರೆ, ಗಂಡ ಹೆಂಡತಿ ಮುಖ ನೋಡ್ಕೊಳ್ತಿರ್ತಾರೆ, ಹಾಕ್ಕೊಳ್ಳಲಿ ಬಿಡಿ. ಹೂಂ ಅಂದ್ರೆ ಯಾವ ತಿಂಗಳಿಂದ, ಹೇಗೆ ಕಳಿಸ್ತಾರೆ ಅಂತ ಅಲ್ಲೇ ಮಾತಾಡಿ. ‘ಪ್ರಾರ್ಥಿಸಿ ಹೇಳ್ತೀವಿ’ ಅಂದ್ರೆ ಯಾವ ದಿನ ಫೋನ್ ಮಾಡ್ಲಿ ಅಂತ ಕೇಳಿ, ಆ ದಿನ ಮಾಡಿ. ಆಗಲ್ಲ ಅಂದ್ರೆ ಬೇಜಾರು ಮುಖದಲ್ಲಿ ತೋರಿಸದೆ, ಅದೇ ಪ್ರೀತಿಯಲ್ಲಿ ಎದ್ದು ಬನ್ನಿ.

ಇದನ್ನ ಲೆಕ್ಕಕ್ಕೆ ತಂದ್ರೆ ತಾರೀಖು ಯಾಕೆ ಮುಂದೆ ಹಾಕ್ಬೇಕು ಅಂತ ಗೊತ್ತಾಗುತ್ತೆ. ಬಾಕಿ 58. ಒಬ್ಬರು ಸರಾಸರಿ 1 ಕೊಟ್ರೆ 58 ಮನೆ ಬೇಕು. ಕೇಳಿದ ಮೂವರಲ್ಲಿ ಒಬ್ಬರು ಹೂಂ ಅಂತಾರೆ ಅಂತ ಇಟ್ಕೊಂಡ್ರೆ 174 ಮನೆಯಲ್ಲಿ ಕೂರ್ಬೇಕು. ವಾರಕ್ಕೆ ಐದು ಮನೆ ಅಂದ್ರೆ 35 ವಾರ, ಅಂದ್ರೆ ಎಂಟು ತಿಂಗಳು. ನಿಮ್ಮ ಕೈಲಿರೋದು ನಾಲ್ಕು. ಮಧ್ಯೆ ಎರಡು ಮೂರು ಸಭೆಗಳು ದೊಡ್ಡ ಪಾಲು ಹೊತ್ರೆ ಬೇಗ ಆಗಬಹುದು, ಆದ್ರೆ ಅದನ್ನ ನಂಬಿ ಟಿಕೆಟ್ ಮಾಡ್ಬೇಡಿ. 174 ಹೆಸರು ನನ್ನ ಹತ್ರ ಇಲ್ಲ ಅಂತೀರಿ, ಎಲ್ಲರೂ ಅಂತಾರೆ, ಫೋನ್ ಕಾಂಟ್ಯಾಕ್ಟ್ಸ್ ತೆಗೆದು ಇಬ್ಬರೂ ಕೂತು ಬರೀರಿ, ಓದಿದ ಕಾಲದವರು, ಹಳೇ ಆಫೀಸಿನವರು, ಸಂಡೇಸ್ಕೂಲಲ್ಲಿ ನಿಮ್ಮ ಕೈಕೆಳಗೆ ಬೆಳೆದ ಹುಡುಗರು ಈಗ ಸಂಬಳ ತಗೊಳ್ತಿರ್ತಾರೆ. ‘ಇವರು ಕೊಡಲ್ಲ’ ಅಂತ ಅವರ ಪರವಾಗಿ ನೀವೇ ತೀರ್ಮಾನ ಮಾಡಿ ಹೆಸರು ಹೊಡೆದು ಹಾಕ್ಬೇಡಿ. ಕೊಡ್ತಾರೆ ಅಂದ್ಕೊಂಡವರು ಕೊಡಲ್ಲ, ನೆನಪೇ ಇಲ್ಲದವರು ಕೊಡ್ತಾರೆ, ಈ ಕೆಲಸದಲ್ಲಿ ಇದೊಂದು ವಿಚಿತ್ರ.

ದುಡ್ಡು ನಿಮ್ಮ ಸ್ವಂತ ಅಕೌಂಟಿಗೆ ಬೇಡ, ಏಜೆನ್ಸಿ ಮೂಲಕವೇ ಬರಲಿ. ತೆರಿಗೆ ರಿಯಾಯಿತಿ ನಿಯಮ, ಹೊರದೇಶಕ್ಕೆ ದುಡ್ಡು ಕಳಿಸೋ ನಿಯಮ, ಹೊರಗಿಂದ ಬರೋ ದಾನದ ನಿಯಮ ಪ್ರತಿ ದೇಶಕ್ಕೂ ಬೇರೆ, ಎಷ್ಟೋ ಕಡೆ ವ್ಯಕ್ತಿಗೆ ಕೊಟ್ಟದ್ದಕ್ಕೆ ರಿಯಾಯಿತಿ ಇಲ್ಲ, ಸಂಸ್ಥೆಗೆ ಕೊಟ್ರೆ ಮಾತ್ರ. ರಸೀದಿ ಕೊಡೋದು ಅವರ ಕೆಲಸ, ಥ್ಯಾಂಕ್ಸ್ ಹೇಳೋದು ನಿಮ್ಮ ಕೆಲಸ, ಅದನ್ನ ಎರಡು ದಿನದೊಳಗೆ ಮಾಡಿ.

ಕೊಡುವವರಿಗೆ ಈಗಲೇ ಹೇಳಬೇಕಾದ್ದು ಒಂದಿದೆ, ಮೊದಲ ವರ್ಷ ಬರೀ ಭಾಷೆ ಕಲಿಯೋದು ಅಂತ. ಅಮೆರಿಕಾದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ತನ್ನ ಅಧಿಕಾರಿಗಳಿಗೆ ಚೈನೀಸ್, ಜಪಾನೀಸ್, ಕೊರಿಯನ್, ಅರೇಬಿಕ್ ಕಲಿಸೋಕೆ ಸುಮಾರು 2200 ಗಂಟೆಗಳ ಕ್ಲಾಸ್ ಇಟ್ಕೊಂಡಿದೆ, ಅದೂ ಇಂಗ್ಲಿಷಿನವರಿಗೆ, ಬೇರೆ ಕೆಲಸವೇ ಇಲ್ಲದೆ ಅದನ್ನೇ ಮಾಡೋರಿಗೆ. ನೀವು ಹೋಗೋ ದೇಶದ ಭಾಷೆ ಇಷ್ಟು ಕಷ್ಟ ಇಲ್ಲದೇ ಇರಬಹುದು, ಆದ್ರೂ ಆರು ತಿಂಗಳಲ್ಲಿ ಪ್ರಸಂಗ ಮಾಡ್ತೀನಿ ಅಂತ ಸಭೆಗಳಲ್ಲಿ ಹೇಳಿದ್ರೆ, ಏಳನೇ ತಿಂಗಳ ನ್ಯೂಸ್‌ಲೆಟರಿನಲ್ಲಿ ಏನು ಬರೆಯೋದು ಅಂತ ತೋಚದೆ ಕಥೆ ಕಟ್ಟೋಕೆ ಶುರು ಮಾಡ್ತೀರಿ. ಅಲ್ಲಿಂದ ಬರೆಯೋ ಸುದ್ದಿಯಲ್ಲಿ ಉತ್ಪ್ರೇಕ್ಷೆ ಬೇಡ, ಅಲ್ಲಿನವರ ಫೋಟೋ ಅವರನ್ನ ಕೇಳದೆ ಹಾಕೋದು ಬೇಡ. ಅವರಿಗೂ ಮರ್ಯಾದೆ ಇದೆ, ಮೇಲಾಗಿ ಕೆಲವು ದೇಶಗಳಲ್ಲಿ ನಿಮ್ಮ ಜೊತೆ ಫೋಟೋದಲ್ಲಿ ಕಂಡದ್ದಕ್ಕೇ ಅವರಿಗೆ ತೊಂದರೆ ಆಗಬಹುದು.

ಇನ್ನು ಸಿಸ್ಟರ್ (ನಿಮ್ಮ ಹೆಂಡತಿ) ವಿಷಯ. ‘ನೀವು ಹೋಗೋಣ ಅಂದ್ರೆ ಹೋಗೋಣ’ ಅನ್ನೋದು ಒಪ್ಪಿಗೆ ಅಲ್ಲ. ಅದು ವಾದ ಮುಗಿಸೋ ಮಾತು.

ಇಂಗ್ಲೆಂಡಿನಿಂದ ಬಂಗಾಳಕ್ಕೆ ಬಂದ ಮಿಷನರಿ ವಿಲಿಯಂ ಕೇರಿ ಕಥೆ ಸಭೆಗಳಲ್ಲಿ ಹೇಳುವಾಗ ಅರ್ಧ ಬಿಟ್ಟು ಹೇಳ್ತಾರೆ. 1792ರ ಅಕ್ಟೋಬರಿನಲ್ಲಿ ಕೆಟರಿಂಗ್ ಅನ್ನೋ ಊರಲ್ಲಿ ಕೆಲವು ಪಾಸ್ಟರುಗಳು ಸೇರಿ ಬ್ಯಾಪ್ಟಿಸ್ಟ್ ಮಿಷನರಿ ಸೊಸೈಟಿ ಶುರು ಮಾಡಿದ್ರು, ಅವತ್ತು ಮಾತು ಕೊಟ್ಟ ದುಡ್ಡು 13 ಪೌಂಡ್, 2 ಶಿಲ್ಲಿಂಗ್, 6 ಪೆನ್ಸ್, ಅದನ್ನ ಸ್ಫೂರ್ತಿಗೆ ಅಂತ ಹೇಳ್ತಾರೆ. ಹೇಳದೇ ಇರೋದು ಏನಂದ್ರೆ, ಕೇರಿಯ ಹೆಂಡತಿ ಡೊರೊಥಿ ಬರಲ್ಲ ಅಂದಿದ್ರು, ಬಸುರಿ, ಕೈತುಂಬ ಮಕ್ಕಳು ಬೇರೆ. ಕೇರಿ ದೊಡ್ಡ ಮಗನ್ನ ಕರ್ಕೊಂಡು ಹಡಗು ಹತ್ತಿಯೇಬಿಟ್ಟರು. ಆದ್ರೆ ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿ ಇರಲಿಲ್ಲ, ಇವತ್ತಿನ ಲೆಕ್ಕದಲ್ಲಿ ವೀಸಾ ಇಲ್ಲ, ಜೊತೆಗಾರ ಜಾನ್ ಥಾಮಸ್ ಹಿಂದೆ ಸಾಲಗಾರರು ಬೇರೆ ಬಿದ್ದಿದ್ರು, ಹಡಗಿನಿಂದ ಇಳಿಸಿದ್ರು. ವಾಪಸ್ ಬಂದಾಗ ಕೂಸು ಹುಟ್ಟಿತ್ತು. ಥಾಮಸ್ ಹೋಗಿ ಡೊರೊಥಿಯನ್ನ ಒತ್ತಾಯ ಮಾಡಿ, ತಂಗಿ ಕಿಟ್ಟಿ ಜೊತೆಗೆ ಬಂದ್ರೆ ಬರ್ತೀನಿ ಅಂತ ಒಪ್ಪಿಸಿ, ಗಡಿಬಿಡಿಯಲ್ಲಿ ಸಾಮಾನು ಕಟ್ಟಿಸಿ 1793ರ ಜೂನಿನಲ್ಲಿ ಡ್ಯಾನಿಶ್ ಹಡಗಲ್ಲಿ ಹೊರಟರು. ಬಂಗಾಳಕ್ಕೆ ಬಂದು ಸ್ವಲ್ಪ ದಿನಕ್ಕೇ ದುಡ್ಡು ಖಾಲಿ, ಮುಂದಿನ ವರ್ಷ ಕೇರಿ ನೀಲಿ ಬಣ್ಣ (ಇಂಡಿಗೊ) ತಯಾರಿಸೋ ಒಂದು ಕಾರ್ಖಾನೆ ನೋಡ್ಕೊಳ್ಳೋ ಕೆಲಸಕ್ಕೆ ಸೇರಿದ್ರು, ಅದೇ ವರ್ಷ ಐದು ವರ್ಷದ ಮಗ ಪೀಟರ್ ಕಾಯಿಲೆಯಲ್ಲಿ ಹೋದ. ಡೊರೊಥಿಯ ಮನಸ್ಸಿನ ಆರೋಗ್ಯ ಕೆಟ್ಟದ್ದು ಮತ್ತೆ ಸರಿಹೋಗಲೇ ಇಲ್ಲ, 1807ರಲ್ಲಿ ತೀರಿಕೊಳ್ಳೋವರೆಗೂ. ಕೇರಿ ಮಾಡಿದ ಅನುವಾದದ ಕೆಲಸ, ಸೆರಾಂಪುರದ ಕೆಲಸ ದೊಡ್ಡದು, ಅದನ್ನ ನಾನು ಸಣ್ಣದು ಮಾಡ್ತಿಲ್ಲ. ಆದ್ರೆ ಅವಸರದಲ್ಲಿ ಪಡೆದ ಹೂಂ, ಕೈಲಿಲ್ಲದ ಪೇಪರ್, ಅರ್ಧ ದುಡ್ಡು, ಈ ಮೂರೂ ಸೇರಿದಾಗ ಅದರ ಬೆಲೆ ಕಟ್ಟಿದ್ದು ಯಾರು ಅಂತ ನೋಡಿ.

ಸಿಸ್ಟರ್ ಒಬ್ಬರೇ, ನೀವಿಲ್ಲದೆ, ಏಜೆನ್ಸಿಯಲ್ಲಿ ಮೆಂಬರ್ ಕೇರ್, ಅಂದ್ರೆ ಮಿಷನರಿ ಕುಟುಂಬಗಳ ಯೋಗಕ್ಷೇಮ, ನೋಡ್ಕೊಳ್ಳೋ ಹೆಂಗಸರ ಜೊತೆ ಮಾತಾಡಲಿ. ನೀವು ಪಕ್ಕದಲ್ಲಿ ಕೂತಿದ್ರೆ ಸರಿಯಾದ ಉತ್ತರ ಬರಲ್ಲ. ಅಲ್ಲಿ ಅವರು ಏನು ಕೆಲಸ ಮಾಡ್ತಾರೆ, ವೀಸಾ ಅವರಿಗೆ ಏನು ಮಾಡೋಕೆ ಬಿಡುತ್ತೆ, ಭಾಷೆ ಕ್ಲಾಸಿಗೆ ಅವರು ಹೋದಾಗ ಮಗನ್ನ ಯಾರು ನೋಡ್ಕೋತಾರೆ, ಅವರ ಅಪ್ಪ ಅಮ್ಮ ಹುಷಾರು ತಪ್ಪಿದ್ರೆ ಎಷ್ಟು ಬೇಗ ಬರಬಹುದು, ಇವೆಲ್ಲ ಬರೆದಿಟ್ಟ ಉತ್ತರ ಇರ್ಬೇಕು. ನಾನು ನೋಡಿದ ಹಾಗೆ ಗಂಡ ಮೊದಲ ದಿನದಿಂದ ಕ್ಲಾಸಿಗೆ, ಕೆಲಸಕ್ಕೆ, ಜನರ ಮಧ್ಯೆ ಹೋಗ್ತಾನೆ, ಹೆಂಡತಿ ಗೊತ್ತಿಲ್ಲದ ಊರಿನ ಫ್ಲ್ಯಾಟಿನಲ್ಲಿ ಗ್ಯಾಸ್ ಹೇಗೆ ಹಚ್ಚೋದು ಅಂತ ನೋಡ್ತಾ ಕೂತಿರ್ತಾಳೆ, ಎರಡು ವರ್ಷ ಆದ್ಮೇಲೆ ಅವನು ಆ ಭಾಷೆಯಲ್ಲಿ ಜೋಕ್ ಮಾಡ್ತಿರ್ತಾನೆ, ಅವಳು ಇನ್ನೂ ಡಾಕ್ಟರ ಹತ್ರ ಹೋಗೋಕೆ ಅವನನ್ನ ಕಾಯ್ತಿರ್ತಾಳೆ. ಭಾಷೆ ಕಲಿಯೋ ಬಜೆಟ್ ಇಬ್ಬರಿಗೂ ಹಾಕಿ, ಮಗುವನ್ನ ನೋಡ್ಕೊಳ್ಳೋರ ಸಂಬಳಾನೂ ಅದರಲ್ಲೇ ಸೇರಿಸಿ.

ಮಗಳು. ಐದು ವರ್ಷದವನಿಗೆ ಅಪ್ಪ ಅಮ್ಮ ಇದ್ದ ಕಡೆ ಮನೆ, ಅವನು ಹೊಂದ್ಕೋತಾನೆ, ಅವಳಿಗೆ 12, ಅವಳ ಪ್ರಪಂಚ ಈಗ ಮನೆಯ ಹೊರಗೆ ಶುರುವಾಗಿದೆ, ನೀವು ಅದನ್ನೇ ತೆಗೀತಿದೀರಿ. ಹಳೇ ಕಾಲದಲ್ಲಿ ಇದಕ್ಕೆ ಉಲ್ಟಾ ಮಾಡ್ತಿದ್ರು, ನಮ್ಮ ಕರಾವಳಿಗೆ ಬಂದ ಬಾಸೆಲ್ ಮಿಷನ್ನಿನವರು ಮಕ್ಕಳನ್ನ ಚಿಕ್ಕ ವಯಸ್ಸಲ್ಲೇ ಯುರೋಪಿಗೆ ಕಳಿಸಿಬಿಡ್ತಿದ್ರು, ವರ್ಷಗಟ್ಟಲೆ ಅಪ್ಪ ಅಮ್ಮನ ಮುಖ ನೋಡದೆ ಬೆಳೆದವರು ಎಷ್ಟೋ ಮಕ್ಕಳು. ತಲಶ್ಶೇರಿಯಲ್ಲಿದ್ದ ಮಿಷನರಿ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ ಕೂಡ ಹಾಗೆ ಬೆಳೆದವರು, ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ. ಈಗ ಯಾರೂ ಹಾಗೆ ಮಾಡಲ್ಲ, ಆದ್ರೆ ಮಕ್ಕಳ ವಿಷಯ ಹಗುರ ಆಗಿಲ್ಲ. 1990ರ ದಶಕದಲ್ಲಿ ವರ್ಲ್ಡ್ ಇವ್ಯಾಂಜೆಲಿಕಲ್ ಫೆಲೋಶಿಪ್ ಅನ್ನೋ ಸಭೆಗಳ ಒಕ್ಕೂಟ 14 ದೇಶಗಳ ಮಿಷನ್‌ಗಳಲ್ಲಿ ಮಿಷನರಿಗಳು ಯಾಕೆ ವಾಪಸ್ ಬರ್ತಾರೆ ಅಂತ ಅಧ್ಯಯನ ಮಾಡಿಸಿದಾಗ, ಬಹಳ ಕಾಲದಿಂದ ಮಿಷನರಿಗಳನ್ನ ಕಳಿಸ್ತಿರೋ ದೇಶಗಳಲ್ಲಿ ಮಕ್ಕಳ ಕಾರಣ ಮುಂದಿನ ಸಾಲಲ್ಲಿ ಬಂತು, ಹೊಸದಾಗಿ ಕಳಿಸೋಕೆ ಶುರು ಮಾಡಿದ ದೇಶಗಳಲ್ಲಿ ಊರಿನ ಕಡೆಯಿಂದ ಬೆಂಬಲ ಸಾಲದೇ ಹೋದದ್ದು ಮುಂದಿನ ಸಾಲಲ್ಲಿ ಬಂತು. ನಿಮ್ಮ ಪತ್ರದಲ್ಲಿ ಎರಡೂ ಇದೆ.

ಅವಳನ್ನ ಕೂರಿಸ್ಕೊಂಡು ದೇವರ ಕರೆಯ ಬಗ್ಗೆ ಬೋಧನೆ ಮಾಡ್ಬೇಡಿ. ಕರೆ ಬಂದದ್ದು ನಿಮಗೆ. ‘ನಿನಗೆ ಏನೇನು ಬಿಟ್ಟು ಹೋಗೋದು ಕಷ್ಟ’ ಅಂತ ಕೇಳಿ, ಅವಳು ಹೇಳೋ ಪಟ್ಟಿಯಲ್ಲಿ ನಾಯಿ, ಒಬ್ಬ ಗೆಳತಿ, ಕಿಟಕಿ ಪಕ್ಕದ ಹಾಸಿಗೆ ಇರುತ್ತೆ, ಅದಕ್ಕೆಲ್ಲ ಪರಿಹಾರ ಹೇಳೋಕೆ ಹೋಗದೆ ಕೇಳಿಸ್ಕೊಳ್ಳಿ. ಹೀಗೆ ದೇಶದಿಂದ ದೇಶಕ್ಕೆ ಬೆಳೆಯೋ ಮಕ್ಕಳ ಬಗ್ಗೆ ಬಹಳ ಕೆಲಸ ಮಾಡಿದ ಡೇವಿಡ್ ಪೊಲಾಕ್ ಹೊರಡೋ ಮುಂಚೆ ನಾಲ್ಕು ಕೆಲಸ ಮುಗಿಸಿ ಅಂತಿದ್ರು: ಮುನಿಸಿಕೊಂಡವರ ಜೊತೆ ರಾಜಿ ಆಗೋದು, ಉಪಕಾರ ಮಾಡಿದವರಿಗೆ ಬಾಯಿಬಿಟ್ಟು ಹೇಳೋದು, ಜನರಿಗಷ್ಟೇ ಅಲ್ಲ ಜಾಗಕ್ಕೂ ಸಾಮಾನಿಗೂ ಸರಿಯಾಗಿ ವಿದಾಯ ಹೇಳೋದು, ಹೋಗೋ ಜಾಗದ ಬಗ್ಗೆ ನಿಜವಾಗಿ ಯೋಚಿಸೋದು. ಇದಕ್ಕೆ ಟೈಮ್ ಬೇಕು. ಅವಳ ಶಾಲೆಯ ವರ್ಷದ ಮಧ್ಯೆ ಎತ್ತಿಕೊಂಡು ಹೋಗ್ಬೇಡಿ, ತಾರೀಖು ಮುಂದೆ ಹಾಕೋಕೆ ಇದೂ ಒಂದು ಕಾರಣ. ಅಲ್ಲಿನ ಸ್ಕೂಲ್ ಯಾವ ಭಾಷೆಯಲ್ಲಿ, ಅಲ್ಲಿ ಓದಿದ್ದು ವಾಪಸ್ ಬಂದಾಗ ಇಲ್ಲಿ ನಡೆಯುತ್ತಾ ಅಂತ ಈಗಲೇ ಬರವಣಿಗೆಯಲ್ಲಿ ತರಿಸ್ಕೊಳ್ಳಿ. ಮತ್ತೆ ಸಭೆಗಳಲ್ಲಿ ವೇದಿಕೆ ಮೇಲೆ ಅವಳನ್ನ ನಿಲ್ಲಿಸಿ ಹಾಡಿಸೋದು, ‘ಹೋಗೋಕೆ ಖುಷಿನಾ ಮಗಳೇ’ ಅಂತ ಮೈಕಿನಲ್ಲಿ ಕೇಳಿಸೋದು ದಯವಿಟ್ಟು ನಿಲ್ಲಿಸಿ.

ಪೇಪರ್ ಕೆಲಸ ಚುಟುಕಾಗಿ ಹೇಳ್ತೀನಿ, ಏಜೆನ್ಸಿಯವರು ಪಟ್ಟಿ ಕೊಡ್ತಾರೆ. ಪಾಸ್‌ಪೋರ್ಟ್‌ಗಳು ಆರು ತಿಂಗಳಿಗಿಂತ ಹೆಚ್ಚು ಬಾಕಿ ಇರ್ಬೇಕು ಅಂತ ಎಷ್ಟೋ ದೇಶಗಳು ಕೇಳ್ತವೆ, ಮಕ್ಕಳ ಪಾಸ್‌ಪೋರ್ಟ್ ಬೇಗ ಮುಗಿಯುತ್ತೆ ಅನ್ನೋದು ನೆನಪಿರಲಿ. ಜನನ, ಮದುವೆ, ಡಿಗ್ರಿ ಸರ್ಟಿಫಿಕೇಟುಗಳಿಗೆ ಆ ದೇಶ 1961ರ ಹೇಗ್ ಒಪ್ಪಂದದಲ್ಲಿದ್ರೆ ಅಪೊಸ್ಟಿಲ್ ಅನ್ನೋ ದೃಢೀಕರಣ, ಇಲ್ಲದಿದ್ರೆ ರಾಯಭಾರ ಕಚೇರಿಯ ಸೀಲು. ಹಳದಿ ಜ್ವರದ (ಯೆಲ್ಲೋ ಫೀವರ್) ಲಸಿಕೆ ಕೇಳೋ ದೇಶ ಆದ್ರೆ ಸರ್ಟಿಫಿಕೇಟ್ ಚುಚ್ಚಿಸಿಕೊಂಡ ಹತ್ತು ದಿನದ ಮೇಲೇ ಚಾಲ್ತಿಗೆ ಬರೋದು, ಕೊನೇ ವಾರಕ್ಕೆ ಇಟ್ಕೋಬೇಡಿ. 2016ರಿಂದ ಅದು ಜೀವಮಾನಕ್ಕೆ ಒಂದೇ ಸಲ ಸಾಕು. ವಿಮೆಯಲ್ಲಿ ತುರ್ತಾಗಿ ವಿಮಾನದಲ್ಲಿ ಹೊರಗೆ ಸಾಗಿಸೋ ಖರ್ಚು ಇದೆಯಾ ನೋಡಿ. ವಿಲ್ ಬರೀರಿ, ನಿಮ್ಮಿಬ್ಬರಿಗೂ ಏನಾದ್ರೂ ಆದ್ರೆ ಮಕ್ಕಳು ಯಾರ ಹತ್ರ ಅಂತ ಅದರಲ್ಲಿ ಇರಲಿ, ಇದನ್ನ ಮಾತಾಡೋಕೆ ಯಾರಿಗೂ ಇಷ್ಟ ಇಲ್ಲ, ಆದ್ರೂ ಮಾತಾಡಿ. ವೀಸಾ ವಿಷಯದಲ್ಲಿ ಮಾತ್ರ ಅಡ್ಡದಾರಿ ಬೇಡ. ಟೂರಿಸ್ಟ್ ವೀಸಾದಲ್ಲಿ ಹೋಗಿ ಪ್ರತಿ ಮೂರು ತಿಂಗಳಿಗೆ ಗಡಿ ದಾಟಿ ಬರೋದು, ಹೆಸರಿಗೊಂದು ಕಂಪನಿ ತೆರೆದು ಬಿಸಿನೆಸ್ ವೀಸಾ ತಗೊಳ್ಳೋದು, ಇವೆಲ್ಲ ಸಿಕ್ಕಿಬಿದ್ದಾಗ ನಿಮಗಿಂತ ಹೆಚ್ಚು ತೊಂದರೆ ಆಗೋದು ಅಲ್ಲಿನ ವಿಶ್ವಾಸಿಗಳಿಗೆ. ಕಂಪನಿ ಮಾಡೋದಾದ್ರೆ ನಿಜವಾದ ಕಂಪನಿ ಮಾಡಿ, ನಿಜವಾದ ವ್ಯಾಪಾರ, ನಿಜವಾದ ತೆರಿಗೆ.

ಹಾಗಾದ್ರೆ ಈಗ ಮಾಡ್ಬೇಕಾದ್ದು: ಏಜೆನ್ಸಿಗೆ ಈ ವಾರವೇ ಬರೆದು ತಾರೀಖನ್ನ ಮಗಳ ಶಾಲೆಯ ವರ್ಷ ಮುಗಿಯೋದಕ್ಕೆ ಹೊಂದಿಸಿ ಮುಂದಕ್ಕೆ ಕೇಳಿ, 100 ಆಗದೆ ನಾವೂ ಹೊರಡಲ್ಲ ಅಂತ ನೀವೇ ಬರೀರಿ. ಈಗಾಗಲೇ ಕೊಡ್ತಿರೋರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ತಾರೀಖು ಬದಲಾದದ್ದನ್ನ ನಿಮ್ಮ ಬಾಯಿಂದಲೇ ಹೇಳಿ, ಬೇರೆಯವರಿಂದ ಗೊತ್ತಾದ್ರೆ ಅನುಮಾನ ಬರುತ್ತೆ. ಅದೇ ಫೋನಿನಲ್ಲಿ ‘ನಿಮಗೆ ಗೊತ್ತಿರೋ ಇಬ್ಬರನ್ನ ನಮಗೆ ಪರಿಚಯ ಮಾಡಿಸ್ತೀರಾ’ ಅಂತ ಕೇಳಿ, ನಿಮ್ಮ ಮುಂದಿನ ಹೆಸರುಗಳು ಅಲ್ಲಿಂದಲೇ ಬರ್ತವೆ.

ಮತ್ತೆ ಆ ಹಿರಿಯರು. ಅವರು ನಿಮ್ಮ ಒಳ್ಳೇದಕ್ಕೇ ಹೇಳಿದಾರೆ, ಅವರ ಜೊತೆ ಜಗಳ ಬೇಡ. ನಿಮ್ಮ ಬಜೆಟ್ ಪಟ್ಟಿ ಪ್ರಿಂಟ್ ತೆಗೆದು ಇಬ್ಬರೂ ಅವರ ಮನೆಗೆ ಹೋಗಿ, ಆ 26ರ ಲೆಕ್ಕ ತೋರಿಸಿ, ‘ಅಂಕಲ್, ಬಾಕಿ 58ರಲ್ಲಿ ನಮ್ಮ ಸಭೆ ತಿಂಗಳಿಗೆ ಎಷ್ಟು ಹೊರುತ್ತೆ, ನಿಮ್ಮ ಮನೆಯಿಂದ ಎಷ್ಟು?’ ಅಂತ ಕೇಳಿ. ಕೇಳಿ ಸುಮ್ಮನಿರಿ. 174ರಲ್ಲಿ ಅವರದೇ ಮೊದಲ ಮನೆ ಆಗಲಿ.